ಸಾಂಕ್ರಾಮಿಕದ ನಡುವೆ ನಿಂತ ನರ್ಸ್‌ಗಳು ಅದು ಮುಗಿದ ಮೇಲೆ ಬಿಟ್ಟುಹೋದದ್ದೇಕೆ? ಮುಂದಿನ ಯೋಜನೆಯಲ್ಲಿ ಏನು ಬರೆಯಲಿ?

ಪ್ರಶ್ನೆ: ವಾರ್ಡ್ ಇನ್‌ಚಾರ್ಜ್

ಎಲ್ಲರಿಗೂ ನಮಸ್ಕಾರ. ಮೂವತ್ತು ಹಾಸಿಗೆಗಳ ಒಂದು ವಾರ್ಡಿಗೆ ನಾನು ಇನ್‌ಚಾರ್ಜ್ ಆಗಿ ಏಳು ತಿಂಗಳಾಗುವಷ್ಟರಲ್ಲಿ ಕೋವಿಡ್ ಬಂದಿತು. ವಾರ್ಡಿನಲ್ಲಿ ಹದಿನೆಂಟು ಮಂದಿ ನರ್ಸ್‌ಗಳಿದ್ದರು. ಸೋಂಕು ಏರಿದ್ದ ವಾರಗಳಲ್ಲಿ ಆರೇಳು ಮಂದಿ ಒಟ್ಟಿಗೇ ಪ್ರತ್ಯೇಕವಾಸದಲ್ಲಿರುತ್ತಿದ್ದರು, ಇಬ್ಬರನ್ನು ಐಸಿಯುಗೆ ಕರೆಸಿಕೊಂಡಿದ್ದರು, ಉಳಿದವರಿಂದಲೇ ಮೂರು ಪಾಳಿಗಳನ್ನೂ ತುಂಬಿಸಬೇಕಾಗಿತ್ತು. ಆ ದಿನಗಳಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ. ಆದರೆ ಎಲ್ಲ ತಣ್ಣಗಾಗಿ ವಾರ್ಡು ಮೊದಲಿನಂತಾದ ಮೇಲೆ, ಆರು ತಿಂಗಳೊಳಗೆ ಐವರು ರಾಜೀನಾಮೆ ಕೊಟ್ಟರು. ಅವರಲ್ಲಿ ಇಬ್ಬರು ವೃತ್ತಿಯನ್ನೇ ತೊರೆದರು.

ಈಗ ಮುಂದಿನ ತುರ್ತುಸ್ಥಿತಿಗೆಂದು ಆಸ್ಪತ್ರೆಯು ಸಿದ್ಧತಾ ಯೋಜನೆಯೊಂದನ್ನು ಬರೆಸುತ್ತಿದ್ದು, ಶುಶ್ರೂಷೆಗೆ ಸಂಬಂಧಿಸಿದ ಭಾಗದ ಕರಡು ನನ್ನ ಪಾಲಿಗೆ ಬಂದಿದೆ. ಕೊಟ್ಟಿರುವ ನಮೂನೆಯಲ್ಲಿ ಹಾಸಿಗೆ, ವೆಂಟಿಲೇಟರ್, ಆಮ್ಲಜನಕ, ಪಿಪಿಇ ಕಿಟ್ ಎಲ್ಲಕ್ಕೂ ಬೇರೆ ಬೇರೆ ಅಂಕಣಗಳಿವೆ. ನರ್ಸ್‌ಗಳಿಗೆ ಮಾತ್ರ ‘ಲಭ್ಯ ಸಿಬ್ಬಂದಿ ಸಂಖ್ಯೆ’ ಎಂಬ ಒಂದೇ ಅಂಕಣವಿದೆ. ಅದರಲ್ಲಿ ಹದಿನೆಂಟು ಎಂದು ಬರೆದು ಸಹಿ ಹಾಕಿದರೆ ನನ್ನ ಕೆಲಸ ಮುಗಿಯುತ್ತದೆ, ಆದರೆ ಅದು ಸುಳ್ಳೆಂಬುದು ನನಗೆ ಗೊತ್ತಿದೆ. ಅದರ ಬದಲು ಏನು ಬರೆಯಬೇಕು? ಕಷ್ಟದ ನಡುವೆ ಉಳಿದವರು ಕಷ್ಟ ತೀರಿದ ಮೇಲೆ ಹೊರಟದ್ದೇಕೆ ಎಂಬುದಕ್ಕೂ ಅನುಭವಸ್ಥರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಆ ಒಂದೇ ಅಂಕಣ ನಿಮ್ಮ ಆಸ್ಪತ್ರೆಯೊಂದರ ದೋಷವಲ್ಲ. 2020ರ ಏಪ್ರಿಲ್ 3ರಂದು ಲಂಡನ್ನಿನ ಒಂದು ಪ್ರದರ್ಶನ ಭವನದಲ್ಲಿ, ಬೇಕಾದರೆ 4,000 ಹಾಸಿಗೆಗಳವರೆಗೆ ಹಿಗ್ಗಿಸಬಹುದಾದ ತಾತ್ಕಾಲಿಕ ಆಸ್ಪತ್ರೆಯನ್ನು ತೆರೆದರು. ಅದಕ್ಕೆ ಆಧುನಿಕ ಶುಶ್ರೂಷೆಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನೇ ಇಟ್ಟಿದ್ದರು. ಮೊದಲ ಅಲೆಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು 54 ಮಂದಿ ಮಾತ್ರ. ಇತರ ಆಸ್ಪತ್ರೆಗಳು ತಮ್ಮಲ್ಲೇ ಜಾಗ ಮಾಡಿಕೊಂಡದ್ದು ಇದಕ್ಕೆ ಒಂದು ಕಾರಣ. ತೀವ್ರನಿಗಾ ಶುಶ್ರೂಷೆ ಬಲ್ಲವರನ್ನು ಹೊಸದಾಗಿ ಎಲ್ಲಿಂದಲೂ ತರಲಾಗದೆ, ಆಗಲೇ ಹೆಣಗುತ್ತಿದ್ದ ವಾರ್ಡುಗಳಿಂದಲೇ ಕರೆತರಬೇಕಾದದ್ದು ಇನ್ನೊಂದು. ಮಂಚವನ್ನು ಒಂದು ವಾರದಲ್ಲಿ ಜೋಡಿಸಬಹುದು, ಅದರ ಪಕ್ಕದಲ್ಲಿ ನಿಲ್ಲುವವರನ್ನು ಹಾಗೆ ಜೋಡಿಸಲಾಗದು.

ಆದ್ದರಿಂದ ‘ಲಭ್ಯ ಸಂಖ್ಯೆ’ಯ ಜಾಗದಲ್ಲಿ ಮೂರು ಅಂಕಿಗಳನ್ನು ಬರೆಯಿರಿ. ಪಟ್ಟಿಯಲ್ಲಿರುವವರು ಎಷ್ಟು, ಮೂರನೆಯ ಒಂದು ಭಾಗ ಗೈರಾದರೆ ಉಳಿಯುವವರು ಎಷ್ಟು, ಆ ಉಳಿದವರಲ್ಲಿ ವೆಂಟಿಲೇಟರ್ ಮೇಲಿನ ರೋಗಿಯನ್ನು ಒಬ್ಬರೇ ನೋಡಿಕೊಳ್ಳಬಲ್ಲವರು ಎಷ್ಟು. ಯೋಜನೆಯನ್ನು ಮೊದಲ ಅಂಕಿಯ ಮೇಲೆ ಕಟ್ಟದೆ ಮೂರನೆಯದರ ಮೇಲೆ ಕಟ್ಟಬೇಕು. ಬ್ರಿಟನ್ನಿನಲ್ಲಿ ತೀವ್ರನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಅನುಪಾತವನ್ನು ಆ ವರ್ಷ, ಇತರ ಸಿಬ್ಬಂದಿಯ ನೆರವಿರಬೇಕೆಂಬ ಷರತ್ತಿನೊಡನೆ, ಆರು ರೋಗಿಗಳಿಗೆ ಒಬ್ಬ ನುರಿತ ನರ್ಸ್ ಎಂಬವರೆಗೂ ಸಡಿಲಿಸಬೇಕಾಯಿತು. ಅದು ತಂಡದ ಮಾದರಿ. ನುರಿತವರು ನಿರ್ಧಾರಗಳನ್ನು ಕೈಗೊಳ್ಳುತ್ತಾರೆ. ಬೇರೆ ವಾರ್ಡುಗಳಿಂದ ಬಂದವರು ತಮಗೆ ಬರುವ ಕೆಲಸಗಳನ್ನು, ಅಂದರೆ ಔಷಧ, ಮಗ್ಗುಲು ಬದಲಿಸುವುದು, ಬಾಯಿಯ ಶುಚಿ, ದಾಖಲೆ ಇವನ್ನು ವಹಿಸಿಕೊಳ್ಳುತ್ತಾರೆ. ಇದು ನಡೆಯಬೇಕಾದರೆ ಯಾರಿಗೆ ಏನು ಬರುತ್ತದೆ ಎಂಬ ಪಟ್ಟಿ ಶಾಂತ ದಿನಗಳಲ್ಲೇ ಸಿದ್ಧವಿರಬೇಕು. ಇಂಥ ಪಟ್ಟಿ ಇಲ್ಲದ ಕಡೆ ಯಾರು ‘ಆಗುವುದಿಲ್ಲ’ ಎನ್ನಲಾರರೋ ಅವರನ್ನೇ ಮತ್ತೆ ಮತ್ತೆ ಕಳಿಸುವುದನ್ನು ನಾನು ಕಂಡಿದ್ದೇನೆ. ನಾನೂ ಹಾಗೆ ಕಳಿಸಿದ್ದುಂಟು.

ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ಇಂಥ ಅನುಪಾತಕ್ಕೆ ಇಳಿದಾಗ ಯಾವ ಯಾವ ಕೆಲಸಗಳನ್ನು ಬಿಡಬಹುದು ಎಂಬುದನ್ನು ಲಿಖಿತವಾಗಿ, ವೈದ್ಯಕೀಯ ಮುಖ್ಯಸ್ಥರ ಸಹಿಯೊಂದಿಗೆ, ಮೊದಲೇ ಮಾಡಿಸಿಟ್ಟುಕೊಳ್ಳಿ. ಸ್ಥಿರವಾಗಿರುವ ರೋಗಿಯ ತಪಾಸಣೆಯನ್ನು ನಾಲ್ಕು ಗಂಟೆಗೊಮ್ಮೆ ಮಾಡುತ್ತಿದ್ದದ್ದನ್ನು ಆರು ಗಂಟೆಗೊಮ್ಮೆ ಮಾಡಬಹುದೇ? ಒಂದೇ ಮಾಹಿತಿಯನ್ನು ಮೂರು ಕಡೆ ಬರೆಯುವುದನ್ನು ನಿಲ್ಲಿಸಬಹುದೇ? ಯಾವುದನ್ನು ಎಂಥ ಸ್ಥಿತಿಯಲ್ಲೂ ಬಿಡುವಂತಿಲ್ಲ? ಈ ಪಟ್ಟಿಯಿಲ್ಲದಿದ್ದರೂ ಕೆಲಸಗಳು ಬಿಟ್ಟೇ ಹೋಗುತ್ತವೆ, ಏಕೆಂದರೆ ಗಂಟೆಗಳು ಹಿಗ್ಗುವುದಿಲ್ಲ. ಯಾವುದನ್ನು ಬಿಡಬೇಕೆಂಬ ತೀರ್ಮಾನ ಮಾತ್ರ ನಡುರಾತ್ರಿ ಎರಡು ಗಂಟೆಗೆ, ಎರಡು ವರ್ಷ ಅನುಭವವಿರುವ ಹುಡುಗಿಯೊಬ್ಬಳ ತಲೆಯ ಮೇಲೆ ಬೀಳುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರದ ಒಂದು ತುಂಡು ಅಲ್ಲೇ ಇದೆಯೆಂದು ನನ್ನ ಅಂದಾಜು.

ಉತ್ತರ 2: ಸ್ಟಾಫ್ ನರ್ಸ್, ಶಸ್ತ್ರಚಿಕಿತ್ಸಾ ವಾರ್ಡ್

ಹಿರಿಯರು ಹೇಳಿದ ‘ಬೇರೆ ವಾರ್ಡಿನಿಂದ ಬಂದವರು’ ಎಂಬ ಗುಂಪಿನಲ್ಲಿ ನಾನೂ ಇದ್ದೆ. ಅವರ ಮಾತನ್ನು ಒಪ್ಪುತ್ತೇನಾದರೂ, ಒಂದು ವಿಷಯದಲ್ಲಿ ನನ್ನ ಅನುಭವ ಬೇರೆ. ನನ್ನನ್ನು ಬಳಲಿಸಿದ್ದು ರೋಗಿಗಳ ಸಂಖ್ಯೆಯಲ್ಲ. ಸಂಜೆ ಏಳಕ್ಕೆ ಫೋನ್ ಬಂದು ರಾತ್ರಿ ಒಂಬತ್ತಕ್ಕೆ ಐಸಿಯುಗೆ ಹೋಗಬೇಕೆಂದಾಗ, ಅಲ್ಲಿ ಯಾರನ್ನು ಕೇಳಬೇಕು, ಎಷ್ಟು ದಿನ ಇರಬೇಕು, ನನ್ನ ಕೈಯಿಂದ ತಪ್ಪಾದರೆ ಯಾರು ಜೊತೆಗೆ ನಿಲ್ಲುತ್ತಾರೆ ಎಂಬುದಾವುದೂ ತಿಳಿಯದಿದ್ದದ್ದೇ ನನ್ನನ್ನು ಕುಗ್ಗಿಸಿತು. ಮೊದಲ ರಾತ್ರಿ, ಔಷಧವನ್ನು ಅಳತೆಯಂತೆ ನಿಧಾನವಾಗಿ ದೇಹಕ್ಕೆ ಸೇರಿಸುವ ಸಿರಿಂಜ್ ಪಂಪಿನ ಅಲಾರಂ ನಿಲ್ಲಿಸುವುದು ಹೇಗೆಂದು ಕೇಳಲು ನನಗೆ ನಾಚಿಕೆಯಾಗಿತ್ತು. ಎಂಟು ವರ್ಷ ಕೆಲಸ ಮಾಡಿದ್ದವಳು ಒಂದೇ ರಾತ್ರಿಯಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದೆ.

ಯೋಜನೆಯಲ್ಲಿ ಬರೆಯಬಹುದಾದ ಕೆಲವು ಸಣ್ಣ ಸಂಗತಿಗಳನ್ನು ಹೇಳುತ್ತೇನೆ. ಬೇರೆಡೆ ನಿಯೋಜಿತರಾದವರಿಗೆ ಮೊದಲ ಮೂರು ಪಾಳಿಗಳಲ್ಲಿ ಒಬ್ಬ ನಿರ್ದಿಷ್ಟ ಜೊತೆಗಾರರಿರಬೇಕು, ಅವರ ಹೆಸರು ಪಾಳಿಪಟ್ಟಿಯಲ್ಲೇ ಮುದ್ರಿತವಾಗಿರಬೇಕು. ಹಿಂದಿರುಗುವ ದಿನಾಂಕವೂ ನಿಯೋಜನೆಯ ಆದೇಶದಲ್ಲೇ ಇರಬೇಕು. ಪಿಪಿಇ ಕಳಚುವಾಗ ಇನ್ನೊಬ್ಬರು ಎದುರಿಗೆ ನಿಂತು ಒಂದೊಂದೇ ಹಂತವನ್ನು ಗಟ್ಟಿಯಾಗಿ ಓದಿ ಹೇಳುವ ಕ್ರಮವನ್ನು 2014ರ ಎಬೋಲಾ ಕಾಲದಲ್ಲಿ ಕಡ್ಡಾಯವೆಂಬಂತೆ ಪಾಲಿಸುತ್ತಿದ್ದರು; ಸೋಂಕು ತಗಲುವ ಅಪಾಯ ಕಿಟ್ ತೊಡುವಾಗ ಇರುವುದಕ್ಕಿಂತ ಕಳಚುವಾಗ ಹೆಚ್ಚು, ಅದರಲ್ಲೂ ದಣಿದ ಕೈಗಳಿಂದ ಕಳಚುವಾಗ. ಸಿಬ್ಬಂದಿ ಕಡಿಮೆಯಾದ ಕೂಡಲೇ ನಮ್ಮಲ್ಲಿ ಮೊದಲು ಕೈಬಿಟ್ಟದ್ದು ಆ ಎರಡನೆಯ ವ್ಯಕ್ತಿಯನ್ನೇ. ಆ ವ್ಯಕ್ತಿ ‘ಬಿಡುವಂತಿಲ್ಲದ’ ಪಟ್ಟಿಯಲ್ಲಿರಲಿ.

ಕಷ್ಟ ತೀರಿದ ಮೇಲೆ ಹೊರಟದ್ದೇಕೆಂದು ಕೇಳಿದ್ದೀರಿ. ನಾನು ಬಿಡಲಿಲ್ಲ, ಆದರೆ ಅರ್ಜಿ ಬರೆದಿಟ್ಟುಕೊಂಡಿದ್ದೆ. ಎಲ್ಲ ಮುಗಿದು ಹಳೆಯ ವಾರ್ಡಿಗೆ ಮರಳಿದ ದಿನ ಬೆಳಿಗ್ಗೆ, ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಎಂದಿನ ಹ್ಯಾಂಡ್‌ಓವರ್ ನಡೆಯಿತು, ಎಂದಿನಂತೆ ನನಗೆ ರೋಗಿಗಳನ್ನು ಹಂಚಿದರು, ಏನಾಗಿತ್ತೆಂದು ಯಾರೂ ಕೇಳಲಿಲ್ಲ. ಕೂಡಿಬಿದ್ದಿದ್ದ ರಜೆಗಳು ಸಿಗಲಿಲ್ಲ, ಏಕೆಂದರೆ ಮುಂದೂಡಿದ್ದ ಶಸ್ತ್ರಚಿಕಿತ್ಸೆಗಳೆಲ್ಲ ಒಟ್ಟಿಗೇ ಬಂದಿದ್ದವು. ಆಪತ್ತು ಮುಗಿಯಿತೆಂದು ಎಲ್ಲರೂ ಹೇಳುತ್ತಿದ್ದರು, ನನ್ನ ಪಾಳಿಪಟ್ಟಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ಉತ್ತರ 3: ನರ್ಸಿಂಗ್ ಅಧ್ಯಾಪಕ

ಮೇಲಿನ ಎರಡೂ ಉತ್ತರಗಳಲ್ಲಿ ಬಂದಿರುವುದಕ್ಕೆ ಬೇರೆ ಬೇರೆ ಹೆಸರುಗಳಿವೆ. ಆಡಳಿತದವರ ಮುಂದೆ ಮಾತಾಡುವಾಗ ಹೆಸರುಗಳು ಉಪಯೋಗಕ್ಕೆ ಬರುತ್ತವೆಂದು ಇಲ್ಲಿ ಬರೆಯುತ್ತಿದ್ದೇನೆ.

ಬಳಲಿಕೆ ಅಥವಾ ಬರ್ನ್ಔಟ್ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ವಿವರಿಸುವಾಗ, ಅದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿರ್ವಹಿಸದ ದೀರ್ಘಕಾಲದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ವಿದ್ಯಮಾನವೆಂದು ಕರೆಯಿತು. ಅಂದರೆ ಕಾರಣವನ್ನು ನರ್ಸಿನ ಸ್ವಭಾವದಲ್ಲಿ ಹುಡುಕುವ ಮೊದಲು ಕೆಲಸದ ಏರ್ಪಾಟಿನಲ್ಲಿ ಹುಡುಕಬೇಕೆಂದಾಯಿತು. ಇದಕ್ಕಿಂತ ಬೇರೆಯಾದದ್ದು ನೈತಿಕ ಸಂಕಟ. ಯಾವುದು ಸರಿಯೆಂಬುದು ಗೊತ್ತಿದ್ದೂ, ಸಂಸ್ಥೆಯ ಕಟ್ಟುಪಾಡುಗಳಿಂದಾಗಿ ಅದನ್ನು ಮಾಡಲಾಗದ ಸ್ಥಿತಿಯೆಂದು 1984ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ ಇದನ್ನು ವಿವರಿಸಿದ್ದರು. ದಣಿವು ನಿದ್ದೆಯಿಂದ, ರಜೆಯಿಂದ ಬಹುಮಟ್ಟಿಗೆ ಇಳಿಯುತ್ತದೆ. ಒಬ್ಬ ರೋಗಿ ಕೊನೆಯುಸಿರೆಳೆಯುವಾಗ ಪಕ್ಕದಲ್ಲಿ ನಿಲ್ಲಬೇಕಿತ್ತು, ನಿಲ್ಲಲಾಗಲಿಲ್ಲ ಎಂಬುದು ಹಾಗೆ ಇಳಿಯುವುದಿಲ್ಲ. ಕೆಲಸದ ಭರದಲ್ಲಿ ಹಿಂದೆ ಸರಿದು, ಬಿಡುವು ಸಿಕ್ಕಾಗ ಮುಂದೆ ಬರುತ್ತದೆ. ನಿಮ್ಮ ಸಹೋದ್ಯೋಗಿಗಳು ಆಗ ಹೋಗದೆ ಆಮೇಲೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಅಂಕಿಅಂಶ ಕೇಳಿದರೆ, ಶುಶ್ರೂಷಾ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳನ್ನು ಪರಿಶೀಲಿಸಿದಾಗ, ಪ್ರತಿ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುವುದು ಕಂಡುಬಂದಿತ್ತು. ಪಾಳಿಯ ಅವಧಿಯ ಬಗ್ಗೆ 2004ರ ಇನ್ನೊಂದು ಅಧ್ಯಯನವಿದೆ: ಹನ್ನೆರಡೂವರೆ ಗಂಟೆ ಮೀರಿದ ಪಾಳಿಗಳಲ್ಲಿ ನರ್ಸ್‌ಗಳಿಂದ ತಪ್ಪಾಗುವ ಸಂಭವ ಸುಮಾರು ಮೂರು ಪಟ್ಟು. ಹೊರಗಿನಿಂದ ಜನರನ್ನು ತಂದುಕೊಳ್ಳುತ್ತೇವೆ ಎಂದು ಯಾರಾದರೂ ಹೇಳಿದರೆ, ಕೋವಿಡ್‌ಗೆ ಮೊದಲೇ ಜಗತ್ತಿನಲ್ಲಿ ಸುಮಾರು 59 ಲಕ್ಷ ನರ್ಸ್‌ಗಳ ಕೊರತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಲೆಕ್ಕ ಹಾಕಿತ್ತೆಂಬುದನ್ನು ನೆನಪಿಸಿ. ಎಲ್ಲೆಡೆ ಒಟ್ಟಿಗೇ ಆಪತ್ತು ಬಂದಾಗ ‘ಹೊರಗೆ’ ಎಂಬುದೇ ಇರುವುದಿಲ್ಲ.

ಇಷ್ಟಾದರೂ, ನಾಯಕತ್ವದ ವಿಷಯದಲ್ಲಿ ನಾನು ಪಾಠದಲ್ಲಿ ಹೆಚ್ಚು ಬಳಸುವುದು ತಂಡಗಳ ಕೆಲಸವನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಔಷಧ ನೀಡಿಕೆಯ ತಪ್ಪುಗಳ ಬಗ್ಗೆ ನಡೆಸಿದ ಅಧ್ಯಯನವನ್ನು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರುತ್ತವೆಂದು ಎಣಿಸಿ ಹೊರಟ ಅವರಿಗೆ, ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿರುವುದು ಕಂಡಿತು. ಅಲ್ಲಿ ತಪ್ಪುಗಳು ಹೆಚ್ಚು ನಡೆಯುತ್ತಿದ್ದವೆಂದು ಇದರ ಅರ್ಥವಲ್ಲ. ಇನ್‌ಚಾರ್ಜ್ ಗದರುವುದಿಲ್ಲವೆಂಬ ನಂಬಿಕೆಯಿಂದ ಹೇಳಿಕೊಳ್ಳುವವರು ಹೆಚ್ಚಿದ್ದರು. ಸಿರಿಂಜ್ ಪಂಪಿನ ಬಗ್ಗೆ ಕೇಳಲು ನಾಚಿಕೆಯಾಯಿತೆಂದು ಸಿಸ್ಟರ್ ಬರೆದಿದ್ದಾರಲ್ಲ, ಆ ನಾಚಿಕೆಯೇ ರೋಗಿಗೆ ಅಪಾಯ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮರಳಿದ ದಿನ ಯಾರೂ ಏನೂ ಕೇಳಲಿಲ್ಲ ಎಂಬುದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ನನ್ನ ವಾರ್ಡಿನಿಂದ ಐಸಿಯುಗೆ ಹೋಗಿ ಬಂದ ಇಬ್ಬರನ್ನು ನಾನೂ ಕೇಳಿರಲಿಲ್ಲ. ಬಿಟ್ಟುಹೋದ ಐವರಲ್ಲಿ ಅವರಿಬ್ಬರೂ ಇದ್ದಾರೆ. ಕೇಳಿದ್ದರೆ ಉಳಿಯುತ್ತಿದ್ದರೆಂದು ಹೇಳಲಾರೆ. ಆ ದಿನಗಳಲ್ಲಿ ನಾನೂ ಪೂರ್ತಿ ಪಾಳಿ ರೋಗಿಗಳನ್ನು ವಹಿಸಿಕೊಂಡು, ಮನೆಗೆ ಹೋದ ಮೇಲೆ ಮರುದಿನದ ಪಾಳಿಪಟ್ಟಿ ಬರೆಯುತ್ತಿದ್ದೆ. ಎಲ್ಲರೊಡನೆ ಹೆಗಲು ಕೊಟ್ಟು ದುಡಿಯುವುದೇ ಇನ್‌ಚಾರ್ಜಿನ ಕರ್ತವ್ಯವೆಂದು ತಿಳಿದಿದ್ದೆ. ಅದು ತಪ್ಪೇ?

ಉತ್ತರ 1ರ ಬರಹಗಾರರಿಂದ

ತಪ್ಪೆನ್ನಲಾರೆ, ಮೇಡಂ. ಕಿಟ್ ತೊಟ್ಟು ಒಳಗೆ ಬಾರದ ಇನ್‌ಚಾರ್ಜ್ ಹೇಳಿದ ಮಾತನ್ನು ಯಾರೂ ಮನಸ್ಸಿನಿಂದ ಕೇಳುವುದಿಲ್ಲ. ಆದರೆ ನೀವು ಆರು ರೋಗಿಗಳನ್ನು ವಹಿಸಿಕೊಂಡ ಪಾಳಿಯಲ್ಲಿ ಇಡೀ ವಾರ್ಡನ್ನು ಒಟ್ಟಾಗಿ ನೋಡುವವರು ಯಾರೂ ಇರುವುದಿಲ್ಲ. ಯಾರು ಊಟ ಮಾಡಿಲ್ಲ, ಯಾರ ಕೈ ನಡುಗುತ್ತಿದೆ, ಯಾವ ಕೋಣೆಯಲ್ಲಿ ಆಮ್ಲಜನಕದ ಮಟ್ಟ ಇಳಿಯುತ್ತಿದೆ, ಮಾಸ್ಕುಗಳ ದಾಸ್ತಾನು ನಾಳೆಗೆ ಸಾಲುವುದೇ ಎಂದು ನೋಡುವುದೂ ಶುಶ್ರೂಷೆಯೇ. ದಿನಕ್ಕೆ ಒಂದೆರಡು ಗಂಟೆ ಒಳಗೆ ಹೋಗಿ ಅತಿ ಕಷ್ಟದ ಕೆಲಸಕ್ಕೆ ಕೈಹಾಕಿ, ಉದಾಹರಣೆಗೆ ರೋಗಿಯನ್ನು ಬೋರಲು ಮಲಗಿಸುವಾಗ ತಲೆಯ ಕಡೆ ನಿಲ್ಲಿ, ಆಮೇಲೆ ಹೊರಗೆ ಬನ್ನಿ. ಹಂಚಿಕೆಯಲ್ಲಿ ನಿಮ್ಮ ಹೆಸರಿನ ಮುಂದೆ ರೋಗಿಗಳ ಸಂಖ್ಯೆ ಸೊನ್ನೆ ಎಂದೇ ಇರಲಿ. ಯೋಜನೆಯಲ್ಲಿ ಈ ಸೊನ್ನೆಗೆ ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಬರುತ್ತದೆ, ವಾದಕ್ಕೆ ಸಿದ್ಧರಾಗಿ ಹೋಗಿ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಯೋಜನೆಗೆ ಮುಕ್ತಾಯದ ಭಾಗವನ್ನೂ ಬರೆಯಿರಿ. ಮುಂದೂಡಿದ ಶಸ್ತ್ರಚಿಕಿತ್ಸೆಗಳನ್ನು ಆರಂಭಿಸುವ ಮೊದಲು ಕೂಡಿಬಿದ್ದ ರಜೆಗಳಲ್ಲಿ ಎಷ್ಟು ಪಾಲನ್ನು ಕೊಟ್ಟಿರಬೇಕು, ಬೇರೆಡೆ ಹೋಗಿ ಬಂದವರ ಮೊದಲ ವಾರದ ಪಾಳಿ ಹೇಗಿರಬೇಕು, ಅವರೊಡನೆ ಯಾರು ಕುಳಿತು ಮಾತಾಡಬೇಕು ಎಂಬುದೆಲ್ಲ ಅದರಲ್ಲಿ ಇರಲಿ. ಸಾಧ್ಯವಾದರೆ ಹೊರಟುಹೋದ ಆ ಇಬ್ಬರಿಗೂ ಕರಡನ್ನು ಕಳಿಸಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಡುವಂತೆ ಕೇಳಿ.

ಪ್ರಶ್ನೆ ಕೇಳಿದವರಿಂದ

ಒಬ್ಬರಿಗೆ ಇಂದು ಸಂಜೆ ಫೋನ್ ಮಾಡಿದೆ. ಕರಡು ಕಳಿಸಿ, ಓದುತ್ತೇನೆ ಎಂದಿದ್ದಾರೆ.