ಬೆಂಗಳೂರು ಅಪ್ರೋಚ್‌ನಲ್ಲಿ ಬರೀ ‘ಸೇ ಅಗೇನ್’: ಹೆಡ್‌ಸೆಟ್ ಬದಲಿಸಿದರೂ ಸರಿಹೋಗಿಲ್ಲ

ಜಕ್ಕೂರು_ಹಕ್ಕಿ:
ಸಾಕಾಗಿಹೋಗಿದೆ. ಕಂಪ್ಯೂಟರ್‌ನ ವಿಮಾನ ಸಿಮ್ಯುಲೇಟರ್‌ನಲ್ಲಿ ಬೆಂಗಳೂರಿಗೆ ಇಳಿಯಲು ಬಂದಾಗಲೆಲ್ಲ, ಆನ್‌ಲೈನ್‌ನಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ‘ಸೇ ಅಗೇನ್’ (ಮತ್ತೆ ಹೇಳಿ) ಎನ್ನುತ್ತಾರೆ. ಮತ್ತೆ ಹೇಳಿದರೆ ಮತ್ತೆ ಅದೇ. ನಿನ್ನೆಯಂತೂ ಲೋಕಲೈಸರ್ (ರನ್‌ವೇಯ ನೇರಕ್ಕೆ ತರುವ ರೇಡಿಯೊ ಸಂಕೇತ) ಹಿಡಿದು, ಚಕ್ರ ಇಳಿಸಿಕೊಂಡು ಬರುತ್ತಿದ್ದವನನ್ನು ಗೋ ಅರೌಂಡ್ ಮಾಡಿಸಿದರು, ಅಂದರೆ ಇಳಿಯಲು ಬಿಡದೆ ಮತ್ತೆ ಮೇಲೇರಿಸಿದರು. ಹೆಡ್‌ಸೆಟ್ ಹೊಸದು, ಡ್ರೈವರ್ ಹೊಸದು. ಗೆಳೆಯರಿಗೆ ನನ್ನ ಧ್ವನಿ ಸ್ಪಷ್ಟವಾಗಿಯೇ ಕೇಳಿಸುತ್ತದೆ. ನೆಲದ ಮೇಲಿರುವಾಗ ಏನೂ ತೊಂದರೆಯಿಲ್ಲ, ಇಳಿಯುವಾಗ ಮಾತ್ರ ಈ ಕಾಟ. ತಿಳಿದವರು ಹೇಳಿ.

ತಂತಿ_ತಜ್ಞ:
ಯುಎಸ್‌ಬಿ ಹಬ್. ಕಣ್ಣು ಮುಚ್ಚಿ ಹೇಳುತ್ತೇನೆ. ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್, ಹೆಡ್‌ಸೆಟ್ ಎಲ್ಲವನ್ನೂ ಒಂದೇ ಹಬ್‌ಗೆ ಸಿಕ್ಕಿಸಿದರೆ ವಿದ್ಯುತ್ ಸಾಲದೆ ಮೈಕ್ ತೊದಲುತ್ತದೆ.

ಜಕ್ಕೂರು_ಹಕ್ಕಿ:
ಹಬ್ ಇಲ್ಲ ಸರ್. ನೇರ ಸಂಪರ್ಕ.

ತಂತಿ_ತಜ್ಞ:
ಹಾಗಾದರೆ ವಿಂಡೋಸ್‌ನಲ್ಲಿ ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ. ಅದಕ್ಕೂ ಬಗ್ಗದಿದ್ದರೆ ಹಿಂಬದಿಯ ಪೋರ್ಟ್ ಬಳಸಿ. ಅದೂ ಆಗದಿದ್ದರೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಕೊಳ್ಳಿ.

ಮೌನ_ತರಂಗ:
ಹಬ್ ತೆಗೆಯಿರಿ ಎಂದವರೇ ಈಗ ಹಬ್ ಕೊಳ್ಳಿ ಎನ್ನುತ್ತಿದ್ದೀರಿ!
ಮಾತನಾಡುವಾಗ ಒತ್ತಿ ಹಿಡಿಯುವ ಪಿಟಿಟಿ ಗುಂಡಿಯಿಂದ ಬೆರಳನ್ನು ಯಾವಾಗ ಎತ್ತುತ್ತೀರಿ? ರೀಡ್‌ಬ್ಯಾಕ್‌ನಲ್ಲಿ, ಅಂದರೆ ಕಂಟ್ರೋಲರ್ ಹೇಳಿದ್ದನ್ನು ಮರಳಿ ಹೇಳುವಾಗ, ಕಾಲ್‌ಸೈನ್ (ವಿಮಾನದ ರೇಡಿಯೊ ಹೆಸರು) ಕೊನೆಗೆ ಬರುತ್ತದೆ. ಮಾತು ಮುಗಿಯುವ ಮೊದಲೇ ಗುಂಡಿ ಬಿಟ್ಟರೆ ಅದೇ ಕತ್ತರಿಸಿಹೋಗುತ್ತದೆ, ಯಾರು ಉತ್ತರಿಸಿದರೆಂದು ಕಂಟ್ರೋಲರ್‌ಗೆ ತಿಳಿಯುವುದಿಲ್ಲ. ಇನ್ನೊಂದು: ಫ್ರೀಕ್ವೆನ್ಸಿ ಬದಲಿಸಿದ ಕೂಡಲೇ ಮಾತನಾಡಬೇಡಿ, ಮೊದಲು ಕೇಳಿ. ವಿಮಾನದ ವಿಎಚ್‌ಎಫ್ ರೇಡಿಯೊ ಎಎಂ ಪದ್ಧತಿಯದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಉಳಿದವರಿಗೆ ಕೀರಲು ಸದ್ದಷ್ಟೇ ಉಳಿಯುತ್ತದೆ.

ಜಕ್ಕೂರು_ಹಕ್ಕಿ:
ಗುಂಡಿ ಸರಿಯಾಗಿಯೇ ಒತ್ತುತ್ತೇನೆ. ನೆಲದ ಮೇಲೆ ಗುಂಡಿಯ ಪ್ರಶ್ನೆಯೇ ಇಲ್ಲ, ಅಲ್ಲಿ ಟೈಪ್ ಮಾಡಿ ಉತ್ತರಿಸುತ್ತೇನೆ.

ತಂತಿ_ತಜ್ಞ:
ನೋಡಿದಿರಾ! ನೆಲದಲ್ಲಿ ಮೈಕ್ ಬಳಸಿಯೇ ಇಲ್ಲ. ಯುಎಸ್‌ಬಿಯೇ.

ಹಳೇ_ಆಲ್ಟಿಮೀಟರ್:
ತಂತಿಯನ್ನು ಸ್ವಲ್ಪ ಹೊತ್ತು ಬಿಡೋಣ. ಕಂಟ್ರೋಲರ್ ಹೇಳಿದ್ದೇನು, ನೀವು ಉತ್ತರಿಸಿದ್ದೇನು? ಪದಕ್ಕೆ ಪದ ಬರೆಯಿರಿ.

ಜಕ್ಕೂರು_ಹಕ್ಕಿ:
ಅವರು: ‘ಕ್ಲಿಯರ್ಡ್ ಐಎಲ್‌ಎಸ್ ಅಪ್ರೋಚ್ ರನ್‌ವೇ ಜೀರೋ ನೈನ್ ರೈಟ್, ಕ್ಯೂಎನ್‌ಎಚ್ 1011.’ (ಐಎಲ್‌ಎಸ್ ಎಂದರೆ ರೇಡಿಯೊ ಸಂಕೇತ ಹಿಡಿದು ಇಳಿಯುವ ವ್ಯವಸ್ಥೆ.)
ನಾನು: ‘ರೋಜರ್, ಕ್ಲಿಯರ್ಡ್ ಐಎಲ್‌ಎಸ್ ಜೀರೋ ನೈನ್’, ಕೊನೆಗೆ ಕಾಲ್‌ಸೈನ್. ಇದರಲ್ಲಿ ಕೇಳಿಸದೇ ಇರುವಂಥದ್ದೇನಿದೆ?

ಹಳೇ_ಆಲ್ಟಿಮೀಟರ್:
ಕೇಳಿಸಿದೆ, ಅದಕ್ಕೇ ಮತ್ತೆ ಕೇಳುತ್ತಿದ್ದಾರೆ. ‘ರೈಟ್’ ಎಲ್ಲಿ? ಕ್ಯೂಎನ್‌ಎಚ್ (ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಹೊಂದಿಸುವ ಗಾಳಿಯ ಒತ್ತಡ) ಎಲ್ಲಿ? ರೋಜರ್ ಎಂದರೆ ಸಂದೇಶ ತಲುಪಿತು ಎಂದಷ್ಟೇ. ರನ್‌ವೇ, ಎತ್ತರ, ದಿಕ್ಕು, ಕ್ಯೂಎನ್‌ಎಚ್ ಇವನ್ನು ಮರಳಿ ಹೇಳಲೇಬೇಕು.
1989ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರದ ಸುಬಾಂಗ್‌ಗೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ 747ಕ್ಕೆ 2400 ಅಡಿಗೆ ಇಳಿಯಲು ಹೇಳಿದ್ದರು: ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’. ‘ಟೂ’ (ಎರಡು) ಎಂಬುದನ್ನು ಇಂಗ್ಲಿಷಿನ ‘ಟು’ (ಗೆ) ಎಂದುಕೊಂಡ ಸಿಬ್ಬಂದಿಯ ಕಿವಿಗೆ ಬಿದ್ದದ್ದು ‘400ಕ್ಕೆ’. ‘ಓಕೆ, ಫೋರ್ ಜೀರೋ ಜೀರೋ’ ಎಂದು ಮರಳಿ ಹೇಳಿದರು, ಕಂಟ್ರೋಲರ್ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ನಿಮ್ಮ ಕಂಟ್ರೋಲರ್ ತಿದ್ದುತ್ತಿದ್ದಾರೆ, ನೀವು ಬೈಯುತ್ತಿದ್ದೀರಿ.

ಕಾಕ್‌ಪಿಟ್_ಕಮ್ಮಾರ:
ರೀಡ್‌ಬ್ಯಾಕ್ ಎಲ್ಲವನ್ನೂ ಕಾಯುತ್ತದೆ ಎನ್ನಬೇಡಿ. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲಿ ಕಂಟ್ರೋಲರ್ ಕ್ಯೂಎನ್‌ಎಚ್ 1001ರ ಬದಲು 1011 ಎಂದರು. ಪೈಲಟ್‌ಗಳು ತಪ್ಪನ್ನೇ ಚಾಚೂತಪ್ಪದೆ ಮರಳಿ ಹೇಳಿದರು. ಇರಬೇಕಾದ್ದಕ್ಕಿಂತ ಸುಮಾರು 280 ಅಡಿ ಕೆಳಗೆ ಬಂದ ಎ320 ವಿಮಾನ ಗೋ ಅರೌಂಡ್ ಮಾಡುವಾಗ ನೆಲದಿಂದ ಆರೇ ಅಡಿ ಮೇಲಿತ್ತು.

ಮೌನ_ತರಂಗ:
ಅದು ಐಎಲ್‌ಎಸ್ ಅಪ್ರೋಚ್ ಅಲ್ಲ, ಬ್ಯಾರೋಮೀಟರ್ ಎತ್ತರವನ್ನು ನಂಬಿದ ಅಪ್ರೋಚ್. ಐಎಲ್‌ಎಸ್‌ನಲ್ಲಿ ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಸಂಕೇತಕ್ಕೆ ಕ್ಯೂಎನ್‌ಎಚ್ ಗೊತ್ತೇ ಇರುವುದಿಲ್ಲ.

ಕಾಕ್‌ಪಿಟ್_ಕಮ್ಮಾರ:
ಹಾಗಿದ್ದರೆ ಐಎಲ್‌ಎಸ್‌ನಲ್ಲಿ ಕ್ಯೂಎನ್‌ಎಚ್ ಬೇಡವೇ?

ಮೌನ_ತರಂಗ:
ಹಾಗೆಂದು ಯಾರು ಹೇಳಿದರು? ಇಳಿಯುವುದೋ ಬೇಡವೋ ಎಂದು ನಿರ್ಧರಿಸುವ ಡಿಸಿಷನ್ ಎತ್ತರವನ್ನು ಯಾವುದರಲ್ಲಿ ನೋಡುತ್ತೀರಿ? ಆಲ್ಟಿಮೀಟರ್‌ನಲ್ಲಿ ತಾನೇ?

ಜಕ್ಕೂರು_ಹಕ್ಕಿ:
ನಿಮ್ಮ ಜಗಳ ಆಮೇಲೆ. ನನ್ನ ಸಿಮ್ಯುಲೇಟರ್‌ನಲ್ಲಿ ಬೆಂಗಳೂರಿಗೆ ಒಂದೇ ರನ್‌ವೇ ಇದೆ. ಅದಕ್ಕೆ ರೈಟ್ ಎಲ್ಲಿಂದ ತರಲಿ? ಕಂಟ್ರೋಲರ್ ಸುಮ್ಮನೆ ಸೇರಿಸುತ್ತಾರೆ ಎಂದುಕೊಂಡಿದ್ದೆ.

ಹಳೇ_ಆಲ್ಟಿಮೀಟರ್:
ಒಂದೇ ರನ್‌ವೇ! ಇದನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತೇ? ‘ಜೀರೋ ನೈನ್ ರೈಟ್’ ಎಂದರೆ ದಕ್ಷಿಣದ ರನ್‌ವೇ, ಅದು ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ನಿಮ್ಮ ಸೀನರಿ (ಸಿಮ್ಯುಲೇಟರ್‌ನಲ್ಲಿನ ನಿಲ್ದಾಣದ ಚಿತ್ರಣ) ಅದಕ್ಕಿಂತ ಹಳೆಯದು. ಅವರು ಬಲಕ್ಕೆ ಬಿಟ್ಟರೆ ನೀವು ಎಡದ ಲೋಕಲೈಸರ್ ಹಿಡಿದಿದ್ದೀರಿ, ಗೋ ಅರೌಂಡ್ ಮಾಡಿಸದೆ ಏನು ಮಾಡುತ್ತಾರೆ? ಸೀನರಿಯನ್ನೂ ನ್ಯಾವಿಗೇಷನ್ ದತ್ತಾಂಶವನ್ನೂ ನವೀಕರಿಸಿ. ಅಲ್ಲಿಯವರೆಗೆ ಬೆಂಗಳೂರು ಬೇಡ, ಹುಬ್ಬಳ್ಳಿಗೆ ಹಾರಿ.

ತಂತಿ_ತಜ್ಞ:
ಸೀನರಿ ಹಳೆಯದಾದರೆ ಕಂಪ್ಯೂಟರ್ ಕೂಡ ಹಳೆಯದೇ ಇರಬೇಕು. ಪೋರ್ಟ್ ಯಾವುದು, 2.0 ತಾನೇ?

ಕಾಕ್‌ಪಿಟ್_ಕಮ್ಮಾರ:
ನನ್ನಲ್ಲಿ ಈ ರಗಳೆಯೇ ಇಲ್ಲ. ಪ್ಲೈವುಡ್‌ನಲ್ಲಿ 737ರ ಮುಂಭಾಗವನ್ನೇ ಕಟ್ಟಿದ್ದೇನೆ. ಮೂರು ಪ್ರೊಜೆಕ್ಟರ್, ರೇಡಿಯೊ ಪ್ಯಾನೆಲ್‌ನಲ್ಲಿ ನಿಜವಾದ ತಿರುಗುಗುಂಡಿಗಳು.

ಜಕ್ಕೂರು_ಹಕ್ಕಿ:
ಸೀನರಿ ಡೌನ್‌ಲೋಡ್ ಆಗುತ್ತಿದೆ, ಈ ರಾತ್ರಿ ಇಳಿದು ನೋಡಿ ಹೇಳುತ್ತೇನೆ. ಕಮ್ಮಾರ ಸರ್, ಆ ತಿರುಗುಗುಂಡಿಗಳು ಎಲ್ಲಿ ಸಿಕ್ಕವು?

ಕಾಕ್‌ಪಿಟ್_ಕಮ್ಮಾರ:
ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಒಳಸುತ್ತು ಮತ್ತು ಹೊರಸುತ್ತು ಬೇರೆಬೇರೆಯಾಗಿ ತಿರುಗುವ ಎನ್‌ಕೋಡರ್ ಎಂದು ಬಿಡಿಸಿ ಕೇಳಿ, ಇಲ್ಲದಿದ್ದರೆ ರೇಡಿಯೊ ವಾಲ್ಯೂಮ್‌ನ ಗುಂಡಿ ಕೊಟ್ಟು ಕಳಿಸುತ್ತಾರೆ. ಅಳತೆ ಬೇಕಿದ್ದರೆ ಬೇರೆ ಚರ್ಚೆ ತೆರೆಯಿರಿ, ಚಿತ್ರ ಹಾಕುತ್ತೇನೆ.