ಜೀಬ್ರಾ ಲೋಚ್‌ಗಳು ಹಗಲಿಡೀ ಅಡಗಿರುತ್ತವೆ, ಮೀಸೆಯೂ ಸವೆದಿದೆ: ಸಲಹೆ ಬೇಕು

ಪ್ರಶ್ನೆ (ಬೆಂಗಳೂರಿನಿಂದ)

ನಮ್ಮ ಮನೆಯ ಟ್ಯಾಂಕ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಅದರಲ್ಲಿ ಟೆಟ್ರಾ ಎಂಬ ಸಣ್ಣ ಮೀನುಗಳ ಜೊತೆಗೆ, ತಳದಲ್ಲಿ ಓಡಾಡುವ ಎರಡು ಜೀಬ್ರಾ ಲೋಚ್ ಮೀನು‌ಗಳಿವೆ. ಬಸವನಹುಳುಗಳ ಕಾಟ ತಪ್ಪಲೆಂದು ಅಂಗಡಿಯವರ ಮಾತಿನಂತೆ ಇವನ್ನು ತಂದೆವು. ಹುಳುಗಳೇನೋ ಕಡಿಮೆಯಾಗಿವೆ; ಆದರೆ ಲೋಚ್‌ಗಳು ಹಗಲೆಲ್ಲ ಫಿಲ್ಟರಿನ ಹಿಂದೆ ಸೇರಿಕೊಂಡಿರುವುದರಿಂದ ಹಾಕಿದ ಆಹಾರವೆಲ್ಲ ಟೆಟ್ರಾಗಳ ಪಾಲಾಗುತ್ತಿದೆ. ಒಂದರ ಮೀಸೆಗಳು ಮೊಂಡಾಗಿ ಬುಡದಲ್ಲಿ ಕೆಂಪಾಗಿವೆ. ಇನ್ನೊಂದು ಆಗಾಗ ಮಗ್ಗುಲಾಗಿ ಬಿದ್ದಿರುತ್ತದೆ. ತಳದಲ್ಲಿ ಬಣ್ಣದ ಒರಟು ಜಲ್ಲಿಯಿದೆ. ಜೊತೆಗೆ ಎರಡು ಕ್ಲೌನ್ ಲೋಚ್ ತಂದರೆ ಇವುಗಳ ಅಂಜಿಕೆ ಹೋಗಬಹುದೇ? ಬಿಳಿಚುಕ್ಕೆ ರೋಗ (ಪರೋಪಜೀವಿಯಿಂದ ಮೀನಿನ ಮೈಮೇಲೆ ಬಿಳಿ ಚುಕ್ಕೆಗಳೇಳುವ ಕಾಯಿಲೆ) ಬಾರದಂತೆ ಮೊದಲೇ ಔಷಧಿ ಹಾಕಿಡಬಹುದೇ?

ಉತ್ತರ 1

ಮಗ್ಗುಲಾಗಿ ಮಲಗುವುದು ಲೋಚ್‌ಗಳ ಸಹಜ ಅಭ್ಯಾಸ. ಕಿವಿರು ಒಂದೇ ಲಯದಲ್ಲಿ ಆಡುತ್ತಿದ್ದು, ದೀಪ ಆರಿಸಿದ ಮೇಲೆ ಎದ್ದು ಓಡಾಡುತ್ತಿದ್ದರೆ ಚಿಂತೆ ಬೇಡ. ಇವು ಗುಂಪಿನಲ್ಲಿ ಬಾಳುವ ಮೀನುಗಳಾದ್ದರಿಂದ ಐದಾರಾದರೂ ಇಲ್ಲದಿದ್ದರೆ ಧೈರ್ಯವಾಗಿ ಹೊರಬರುವುದಿಲ್ಲ. ಆದರೆ ಅಷ್ಟನ್ನು ಸಾಕಲು ಮೂರಡಿಯ ಟ್ಯಾಂಕ್ ಬೇಕಾಗುತ್ತದೆ. ಕ್ಲೌನ್ ಲೋಚ್‌ಗಳ ಯೋಚನೆಯನ್ನು ಬಿಡುವುದು ಒಳ್ಳೆಯದು. ಸುಮಾತ್ರಾ ಮತ್ತು ಬೋರ್ನಿಯೋದ ನದಿಗಳ ಆ ಮೀನು ಅಂಗಡಿಯಲ್ಲಿ ಬೆರಳುದ್ದವಿದ್ದರೂ ಮುಂದೆ ಸುಮಾರು 30 ಸೆಂ.ಮೀ. ಬೆಳೆಯಬಲ್ಲದು, 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆಹಾರಕ್ಕೆ ಸಂಬಂಧಿಸಿದಂತೆ, ಟೆಟ್ರಾಗಳಿಗೆ ಸಂಜೆಯೇ ಉಣಿಸಿ, ದೀಪ ಆರಿಸಿದ ನಂತರ ತಳಕ್ಕೆ ಮುಳುಗುವ ಗುಳಿಗೆಗಳನ್ನು ಹಾಕಿ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿದ ಸೌತೆಕಾಯಿ ಹೋಳನ್ನೂ ತಿನ್ನುತ್ತವೆ.

ಉತ್ತರ 2

ಮೀಸೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ಲೋಚ್ ತಳವನ್ನು ಕೆದಕಿ ಆಹಾರವನ್ನು ಹುಡುಕುವುದೇ ಮೀಸೆಗಳಿಂದ. ಒರಟು ಜಲ್ಲಿಯ ಅಂಚು ಅವನ್ನು ಸವೆಸುತ್ತದೆ. ಹರಳುಗಳ ಸಂದಿಯಲ್ಲಿ ಕೊಳೆತ ಆಹಾರದಿಂದ ಆ ಗಾಯಕ್ಕೆ ಸೋಂಕು ತಗಲುತ್ತದೆ. ಜಲ್ಲಿಯ ಬದಲು ನಯವಾದ ನದಿ ಮರಳನ್ನು ಚೆನ್ನಾಗಿ ತೊಳೆದು ಹಾಸಿ. ಕಟ್ಟಡ ಕೆಲಸದ ಎಂ-ಸ್ಯಾಂಡ್ ಖಂಡಿತ ಬೇಡ, ಅದು ಕಲ್ಲನ್ನು ಪುಡಿಮಾಡಿದ್ದು, ಕಣಗಳೆಲ್ಲ ಮೊನಚಾಗಿರುತ್ತವೆ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಜಲ್ಲಿಯಲ್ಲೂ ನೆಲೆಸಿರುವುದರಿಂದ ಅದನ್ನು ಒಂದೇ ದಿನ ತೆಗೆಯದೆ, ಒಂದೆರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ. ಆ ಅವಧಿಯಲ್ಲಿ ಫಿಲ್ಟರನ್ನು ತೊಳೆಯಬೇಡಿ. ಪ್ರತಿ ವಾರ ಕಾಲುಭಾಗ ನೀರು ಬದಲಿಸುವಾಗ ನಲ್ಲಿ ನೀರಿನ ಕ್ಲೋರಿನ್ ತೆಗೆಯುವುದನ್ನು ಮರೆಯಬಾರದು.

ಇನ್ನು ಔಷಧಿ. ರೋಗವಿಲ್ಲದೆ ಹಾಕುವುದು ಸರಿಯಲ್ಲ, ಏಕೆಂದರೆ ಲೋಚ್‌ಗಳ ಹುರುಪೆಗಳು ಅತಿ ಸಣ್ಣವಾಗಿ ಚರ್ಮದಲ್ಲೇ ಹುದುಗಿರುವುದರಿಂದ ಬಿಳಿಚುಕ್ಕೆಯ ಔಷಧಿಗಳಲ್ಲಿರುವ ತಾಮ್ರ, ಮ್ಯಾಲಕೈಟ್ ಗ್ರೀನ್‌ಗಳಂಥವು ಅವಕ್ಕೆ ಬೇಗ ನಾಟುತ್ತವೆ. ಬಿಳಿಚುಕ್ಕೆ ನಿಜವಾಗಿಯೂ ಕಂಡಾಗ ನೀರಿನ ಉಷ್ಣತೆಯನ್ನು ನಿಧಾನವಾಗಿ 30 ಡಿಗ್ರಿಯವರೆಗೆ ಏರಿಸಿ, ಗಾಳಿಯ ಪಂಪನ್ನು ಜೋರು ಮಾಡಿ, ಔಷಧಿಯನ್ನು ಅರ್ಧ ಪ್ರಮಾಣದಲ್ಲಿ ಕೊಡುವುದು ರೂಢಿ. ಚರ್ಮದೊಳಗಿರುವ ಪರೋಪಜೀವಿಯನ್ನು ಔಷಧಿ ಮುಟ್ಟದು. ಅದು ಉದುರಿ, ತಳದಲ್ಲಿ ಒಡೆದು, ಮರಿಗಳು ಈಜಾಡುವಾಗ ಮಾತ್ರ ಸಾಯುತ್ತವೆ. ಆದ್ದರಿಂದ ಚುಕ್ಕೆ ಮಾಯವಾದ ದಿನವೇ ಚಿಕಿತ್ಸೆ ನಿಲ್ಲಿಸಬಾರದು.

ಉತ್ತರ 3 (ಶಿವಮೊಗ್ಗದಿಂದ)

ಐದಾರು ಕೊಳ್ಳಿ ಎಂಬ ಮಾತಿಗೆ ಒಂದು ತಿದ್ದುಪಡಿ. ಜೀಬ್ರಾ ಲೋಚ್ ನಮ್ಮ ಪಶ್ಚಿಮ ಘಟ್ಟದ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಇದನ್ನು ಬೋಟಿಯಾ ಸ್ಟ್ರಯಾಟಾ ಎಂದು ವರ್ಣಿಸಿದ್ದು ಇಲ್ಲಿಯ ತುಂಗಾ ನದಿಯ ಮಾದರಿಗಳಿಂದ. ಈಗ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್ ಪಟ್ಟಿಯಲ್ಲಿ ಅಪಾಯದಂಚಿನಲ್ಲಿದೆ. ಮಾರಾಟಕ್ಕೆ ಬರುವವುಗಳಲ್ಲಿ ಹೊಳೆಯಿಂದ ಹಿಡಿದವೂ ಇರುವುದರಿಂದ, ಎಲ್ಲಿಂದ ಬಂದವೆಂದು ಕೇಳದೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಟ್ಯಾಂಕ್ ಬಿಟ್ಟು ಬೇರೆಡೆ ಹೋಗುವ ಹವ್ಯಾಸಿಗಳಿಂದ ಪಡೆಯಲು ಪ್ರಯತ್ನಿಸಿ. ಹೊಳೆಯ ಮೀನಾದ್ದರಿಂದ ಹರಿವು ಚೆನ್ನಾಗಿರಲಿ, ಉಷ್ಣತೆ 23ರಿಂದ 26 ಡಿಗ್ರಿ ಸಾಕು. ನುಣುಪಾದ ಕಲ್ಲುಗಳನ್ನು ಸಂದಿ ಬಿಟ್ಟು ಜೋಡಿಸಿದರೆ ಫಿಲ್ಟರಿನ ಹಿಂದೆ ಹೋಗುವ ಅಗತ್ಯ ಅವಕ್ಕೆ ಬೀಳದು. ಮುಚ್ಚಳವಂತೂ ಬೇಕೇ ಬೇಕು, ಹಾರುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮರಳು ಹಾಸುವಾಗ ಮೀನುಗಳನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಬಿಡಬಹುದೇ?

ಉತ್ತರ 2

ಬಲೆ ಬೇಡ. ಪ್ರತಿ ಕಣ್ಣಿನ ಕೆಳಗೂ ಮಡಚಿಕೊಂಡಿರುವ ಮುಳ್ಳೊಂದಿದೆ. ಗಾಬರಿಯಾದಾಗ ಅದು ಹೊರಚಾಚಿ ಬಲೆಗೆ ಸಿಕ್ಕಿಕೊಳ್ಳುತ್ತದೆ, ನಿಮ್ಮ ಬೆರಳಿಗೂ ಚುಚ್ಚುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಮೆಲ್ಲಗೆ ಅಟ್ಟಿ, ನೀರಿನ ಸಮೇತ ಎತ್ತಿ. ಎಂದಾದರೂ ಬಲೆಗೆ ಸಿಕ್ಕಿಕೊಂಡರೆ ಮೀನನ್ನು ಎಳೆಯದೆ ಬಲೆಯ ದಾರವನ್ನೇ ಕತ್ತರಿಸಿ.