ಅಪ್‌ಡೇಟ್: ಊಟವಾದ ಮೇಲೆ ಅಪ್ಪನಿಗೆ ಬರುತ್ತಿದ್ದ ಕೆಮ್ಮು

ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅಪ್ಪನಿಗೆ ಕೆಮ್ಮು ಶುರುವಾಗುತ್ತೆ, ಸಿರಪ್‌ಗೆ ಬಗ್ಗುತ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆ. ಹೊಟ್ಟೆ ಕಡೆನೂ ತೋರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಸರಿಯಾಗಿತ್ತು.

ದಾವಣಗೆರೆಯಲ್ಲೇ ತೋರಿಸಿದೆವು. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಡಾಕ್ಟರ್ ಕೇಳಿದ್ದು ಒಂದೇ ಮಾತು: "ಉಂಡ ಎಷ್ಟೊತ್ತಿಗೆ ಮಲಗ್ತೀರಿ?" ಅಪ್ಪ ತಲೆ ತಗ್ಗಿಸಿದರು. ಸಂಜೆ ಮಿರ್ಚಿ ಮಂಡಕ್ಕಿ, ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬಾ ಊಟ, ತಕ್ಷಣ ಹಾಸಿಗೆ. ಎಷ್ಟೋ ವರ್ಷದ ರೂಢಿ ಅದು.

ಅನ್ನನಾಳ ಜಠರಕ್ಕೆ ಸೇರುವ ಕಡೆ ಬಿಗಿಯಾಗಿರಬೇಕಾದ ಸ್ನಾಯು ಸಡಿಲವಾದರೆ ಆಸಿಡ್ ಮೇಲಕ್ಕೆ ಬರುತ್ತಂತೆ. ಅದು ಗಂಟಲು ಕೆರಳಿಸಿದರೆ ಕೆಮ್ಮು. ಎದೆಯುರಿ ಇರಲೇಬೇಕೆಂದಿಲ್ಲ. ಅಪ್ಪನಿಗೆ ಒಂದು ದಿನವೂ ಎದೆ ಉರಿದಿಲ್ಲ, ಅದಕ್ಕೇ ನಮಗೆ ಹೊಳೆಯಲಿಲ್ಲ.

ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಕೊಟ್ಟಿದ್ದಾರೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ರಾತ್ರಿ ಊಟ ಈಗ ಏಳೂವರೆಗೆ, ಒಂದೇ ರೊಟ್ಟಿ, ಸ್ವಲ್ಪ ಅನ್ನ. ಮಲಗೋದು 3 ಗಂಟೆ ಬಿಟ್ಟು. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು 6 ಇಂಚು ಎತ್ತರಿಸಿದೆ. ಮೊದಲು ಸುಮ್ನೆ ದಿಂಬು ಪೇರಿಸಿದ್ದೆ. ಹಾಗೆ ಮಾಡಿದರೆ ಹೊಟ್ಟೆ ಮಡಚಿ ಒತ್ತಡ ಇನ್ನೂ ಜಾಸ್ತಿ ಆಗುತ್ತಂತೆ.

ಮೂರು ವಾರಕ್ಕೆ ಕೆಮ್ಮು ಅರ್ಧಕ್ಕಿಂತ ಕಡಿಮೆ. ಪೂರ್ತಿ ಹೋಗಲು ಎರಡು ಮೂರು ತಿಂಗಳು ಬೇಕಾಗಬಹುದು ಅಂದಿದ್ದಾರೆ. ನಿನ್ನೆ ಅಪ್ಪ ಉಂಡಾದ ಮೇಲೆ ಮೊಮ್ಮಗಳಿಗೆ ಪೂರ್ತಿ ಕಥೆ ಹೇಳಿದರು, ಮಧ್ಯೆ ಒಮ್ಮೆಯೂ ನಿಲ್ಲಿಸದೆ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ಒಂದು ಮಾತು: ನುಂಗುವಾಗಲೇ ಕೆಮ್ಮು ಬಂದರೆ, ತುತ್ತು ಸಿಕ್ಕಿಕೊಂಡರೆ, ತೂಕ ಇಳಿದರೆ, ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಬೇಗ ತೋರಿಸಿ.